ಕೋವಿಯ ಬಾಯಿಗೆ ತುರುಕಿದ ಬಟ್ಟೆ

ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆ ಸೇರಬೇಕು, ನಿಮಗೆ ಗೊತ್ತಲ್ಲ. ಮೊನ್ನೆ ನನ್ನದನ್ನು ವಾಪಸು ತರಲು ಶೃಂಗೇರಿಗೆ ಹೋಗಿದ್ದೆ. ಕೋಣೆಯ ಬಾಗಿಲು ತೆರೆದದ್ದೇ ಹಳೇ ಎಣ್ಣೆ, ತುಕ್ಕಿನ ವಾಸನೆ ಹೊಡೆಯಿತು.

ಸಾಲಿನಲ್ಲಿ ನನ್ನ ಮುಂದಿದ್ದ ಬೇಗಾರಿನ ಗೆಳೆಯ ಮೊಬೈಲಿನಲ್ಲಿ ಸೈನ್ಯದ ರೈಫಲ್ಲು ತೋರಿಸುತ್ತಿದ್ದ. ನಳಿಗೆಯ ತುದಿಗೆ ತಿರುಪಿ ಕೂರಿಸುವ ಲೋಹದ ತುಂಡುಗಳು: ಒಂದು ಬೆಂಕಿಯ ಮಿಂಚನ್ನು ಮಂಕು ಮಾಡುತ್ತದಂತೆ, ಇನ್ನೊಂದು ಹೊಗೆಯನ್ನು ಪಕ್ಕಕ್ಕೆ ತಿರುಗಿಸಿ ಭುಜದ ಒದೆತ ತಗ್ಗಿಸುತ್ತದಂತೆ, ಮತ್ತೊಂದು ಸದ್ದನ್ನು ಕುಗ್ಗಿಸುತ್ತದಂತೆ.

"ನಮ್ಮ ಕೋವಿ ತುದಿಗೆ ಎಂತ ಹಾಕೋದು ಮಾರಾಯ?" ಎಂದೆ.

"ನಿನ್ನ ಹಳೇ ಬನೀನು!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮಳೆಗಾಲದಲ್ಲಿ ತೇವ ಒಳಗೆ ಹೋಗದಂತೆ, ಕಣಜ ಗೂಡು ಕಟ್ಟದಂತೆ ನಾವು ಕೋವಿಯ ಬಾಯಿಗೆ ಬಟ್ಟೆ ತುರುಕುತ್ತೇವೆ. ತೆಗೆಯದೆ ಹೊಡೆದರೆ ನಳಿಗೆ ಸಿಡಿಯುತ್ತದೆ. ಅದಕ್ಕೇ ಒಂದು ಗೇಣು ತುದಿ ಹೊರಗೆ ಜೋತಾಡಬೇಕು, ಕಣ್ಣಿಗೆ ಬೀಳಲೆಂದು. ಅಡ್ಡಗದ್ದೆಯ ನನ್ನ ಚಿಕ್ಕಪ್ಪ ಒಮ್ಮೆ ಮಂಗ ಓಡಿಸಲು ಗಾಳಿಗೆ ಹೊಡೆದು ಎಡಗೈಯ ಎರಡು ಬೆರಳು ಕಳೆದುಕೊಂಡರು. "ಬಟ್ಟೆ ತೆಗೆಯೋದು ಮರೆತೆ" ಎಂದರು. ಅಂದಿನಿಂದ ಚಿಕ್ಕಮ್ಮನ ಬಾಯಲ್ಲಿ ಅವರು ಮರೆಗುಳಿ. ಪೇಟೆಯಿಂದ ಉಪ್ಪು ತರದಿದ್ದರೂ, "ಬೆರಳನ್ನೇ ಮರೆತು ಬಂದವರು, ಉಪ್ಪು ಯಾವ ಲೆಕ್ಕ!"

ಕೋವಿ ಸಿಡಿಯುವ ಸ್ವಲ್ಪ ಮೊದಲು ನಾನು, ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದವನು, ರಜೆಗೆ ಅವರ ಮನೆಗೆ ಬಂದಿದ್ದೆ. ಜೋತಾಡುವ ತುದಿ ದೀಪದ ಬತ್ತಿಯ ಹಾಗೆ ನೀರನ್ನು ಒಳಗೆ ಎಳೆಯುತ್ತದೆ ಎಂದು ನನ್ನ ಓದು ಹೇಳಿತು. ಕತ್ತರಿ ತಂದು ಚಿಕ್ಕಪ್ಪನ ಕೋವಿಯ ಬಟ್ಟೆ ತುದಿ ಕತ್ತರಿಸಿದೆ. ಅಥವಾ ಕತ್ತರಿಸಬೇಕೆಂದುಕೊಂಡೆ, ಅಷ್ಟೆ. ಕತ್ತರಿಯ ತಣ್ಣನೆ ಹಿಡಿ ನೆನಪಿದೆ, ಕತ್ತರಿಸಿದ ತುಂಡು ನೆನಪಿಲ್ಲ. ತುಂಡಿಲ್ಲದ ಮೇಲೆ ಸಾಕ್ಷ್ಯವೆಲ್ಲಿ ಎಂದು ನನ್ನೊಡನೆ ನಾನೇ ವಾದಿಸಿ ಇಷ್ಟು ವರ್ಷ ಗೆಲ್ಲುತ್ತ ಬಂದೆ. ಗೆದ್ದವನಿಗೆ ನಿದ್ದೆ ಯಾಕೆ ಬರುವುದಿಲ್ಲ ಹೇಳಿ?

ಠಾಣೆಯಿಂದ ಹೊರಗೆ ಬಂದವನೇ ಈಗ ಎನ್.ಆರ್.ಪುರದಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಚಿಕ್ಕಪ್ಪ, ಆ ಬಟ್ಟೆ ತುದಿ ಕತ್ತರಿಸಿದ್ದು ನಾನಾ?"

"ಎಂತ ಮಾರಾಯ, ಈಗ ಕೇಳ್ತೀಯಾ? ತುಂಡು ಕಿಟಕಿ ಕೆಳಗೇ ಬಿದ್ದಿತ್ತು. ಆಸ್ಪತ್ರೆಯಿಂದ ಬಂದ ದಿನ ನೋಡ್ದೆ. ಒಲೆಗೆ ಹಾಕ್ದೆ."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಮರೆತೆ ಅಂತ ಅಷ್ಟೊತ್ತಿಗೆ ಹೇಳಿಯಾಗಿತ್ತು. ನೀನು ಬೇರೆ ಪರೀಕ್ಷೆಗೆ ಹೊರಟು ನಿಂತಿದ್ದೆ. ಇರ್ಲಿ ಅಂತ ಬಿಟ್ಟೆ."

ಆ ಕಡೆಯಿಂದ ಚಿಕ್ಕಮ್ಮನ ಧ್ವನಿ ಕೇಳಿತು: "ಕನ್ನಡಕ ಎಲ್ಲಿಟ್ಟು ಮರೆತ್ರಿ ಇವತ್ತು?"

ಚಿಕ್ಕಪ್ಪ ನಕ್ಕರು.

"ಚಿಕ್ಕಪ್ಪ," ಎಂದೆ, "ಫೋನು ಚಿಕ್ಕಮ್ಮನಿಗೆ ಕೊಡಿ."