ನಿಂತು ನಿಂತು ಹಾಡಿದ ದಾರಿ

ನವೆಂಬರ್ 2004. ಮುಂಜಾನೆ ಆರೂವರೆಗೆ ಅಣ್ಣ ಬಸಣ್ಣನೂ ನಾನೂ ಚಿಕ್ಕನರಗುಂದ ಬಿಟ್ಟೆವು. ಹೊಲಗಳ ಮೇಲೆ ಮಂಜು ಕವಿದಿತ್ತು. ಬಾಡಿಗೆಗೆ ಓಡಿಸುವ ನಮ್ಮ ವ್ಯಾನಿನ ಟೇಪ್ ಸೆಟ್ಟು ತಿಂಗಳಿಂದ ಕೆಟ್ಟಿತ್ತು. ಸಣ್ಣ ದನಿಯಲ್ಲಿ ಹಾಡುತ್ತಿತ್ತು; ಡೋಲು ಜೋರಾಗಿ ಬಡಿದೊಡನೆ ಬಂದ್ ಆಗುತ್ತಿತ್ತು.

ಅದನ್ನು ಕೂಡಿಸಿದವರು ನರಗುಂದದ ಮಾಬೂಕಾಕಾ. ಅಪ್ಪನ ಕಾಲದಿಂದಲೂ ನಮ್ಮ ಗಾಡಿಯ ವೈರಿಂಗ್ ಅವರದೇ. ಊಟದ ಹೊತ್ತಿಗೆ ಹೋದರೆ ಡಬ್ಬಿಯ ರೊಟ್ಟಿಯಲ್ಲಿ ನಮಗೂ ಪಾಲು ಕೊಡದೆ ಉಂಡವರಲ್ಲ. ಹಿಂದಿನ ವಾರ ಅಣ್ಣ ಅಲ್ಲಿನ ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಎಲ್ಲ ಡ್ರೈವರುಗಳೆದುರು, "ಮಾಬೂಕಾಕಾ ಹಳೇ ಮಾಲ್ ಹಾಕಿ ಹೊಸಾದು ಅಂತ ಹೇಳ್ಯಾರ" ಎಂದುಬಿಟ್ಟ.

"ಗಾಡಿ ಒಂದಿನ ಬಿಟ್ಟ್ ಹೋಗೋ ಬಸ್ಯಾ, ಬಿಚ್ಚಿ ನೋಡ್ತೀನಿ" ಎಂದಿದ್ದರು ಕಾಕಾ. ಅಣ್ಣ ಕೇಳಲಿಲ್ಲ. ತನ್ನ ಮಾತನ್ನೇ ಬೇರೆ ಮೆಕ್ಯಾನಿಕ್ಕನ ಬಾಯಿಂದ ಹೇಳಿಸಲು ಹೊರಟಿದ್ದ.

ರೋಣ ಮುಟ್ಟುವಷ್ಟರಲ್ಲಿ ಸೆಟ್ಟು ಹತ್ತೊಂಬತ್ತು ಸಲ ನಿಂತಿತು. ಪ್ರತಿ ಸಲಕ್ಕೂ, ಗಾಡಿಯ ದಿನದಿನದ ಲೆಕ್ಕ ಬರೆದಿಡುವ ನನ್ನ ಡೈರಿಯಲ್ಲಿ ಒಂದು ಗೀಟು ಎಳೆದೆ. ಮಿರ್ಚಿ ಮಂಡಕ್ಕಿ ತಿಂದು ಒಂದು ಅಂಗಡಿಗೆ ಹೋದೆವು. "ಬ್ಯಾಟ್ರಿ ಸತ್ತದ್ರಿ" ಎಂದು ಅಲ್ಲಿಯವನು ಬೇರೆ ಬ್ಯಾಟರಿ ಜೋಡಿಸಿದ. ಆದರೂ ಇಪ್ಪತ್ತನೆಯ ಗೀಟು ಬಿತ್ತು. "ಗಜೇಂದ್ರಗಡಕ್ಕ ಈರಣ್ಣನ ಕಡೆ ಹೋಗ್ರಿ" ಎಂದು ಕೈಚೆಲ್ಲಿದ.

ಗಜೇಂದ್ರಗಡದಲ್ಲಿ ಗುಡ್ಡದ ಮೇಲೆ ಮೋಡ ಇಳಿದಿತ್ತು. ಈರಣ್ಣ ಹಾಡು ಜೋರು ಮಾಡಿಸಿ ಮೀಟರ್ ಹಿಡಿದ. ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟು, ಸೀಟಿನ ಕೆಳಗಿನ ಆಂಪ್ಲಿಫೈಯರಿನಲ್ಲಿ ಒಂಬತ್ತು.

"ಕರೆಂಟ್ ಬರೂ ತಂತಿ ಚಲೋ ಐತ್ರಿ. ತಿರುಗಿ ಹೋಗೂ ದಾರಿ ಕಟ್ಟೈತಿ. ಗಾಡಿ ಕಬ್ಬಿಣಕ್ಕ ಅರ್ತ್ ಹತ್ತವಲ್ದು."

"ಹಳೇ ಮಾಲ್ ಹೌದಿಲ್ಲೋ?" ಎಂದ ಅಣ್ಣ.

"ಯಾರ್ ಹೇಳಿದ್ರಿ? ಹೊಸಾ ತಾಮ್ರದ ತಂತಿ ಇದು. ಯಾವತ್ತಿಂದ ಹಿಂಗಾಗೈತಿ?"

ಡೈರಿ ತೆಗೆದೆ. ಸೆಟ್ಟು ಮೊದಲು ನಿಂತದ್ದು ದಸರೆಯ ಖಂಡೆ ಪೂಜೆಯ ಮರುದಿನ. ಅದರ ಮೇಲಿನ ಸಾಲೂ ನನ್ನದೇ ಅಕ್ಷರ: "ಪೂಜೆಗೆಂದು ಸೀಟಿನ ಕೆಳಗಿನ ತುಕ್ಕು ತೆಗೆದು ಹಸಿರು ಬಣ್ಣ ಬಳಿದೆ. ಒಂದು ಬೋಲ್ಟು ಬಿಚ್ಚಿ ಮತ್ತೆ ಕೂಡಿಸಿದೆ." ಗಟ್ಟಿಯಾಗಿ ಓದಿದೆ.

ಈರಣ್ಣ ಆ ಬೋಲ್ಟು ಬಿಚ್ಚಿದ. ತಂತಿಯ ತುದಿ ಕೂರುವಲ್ಲಿ ಬಣ್ಣ ದಪ್ಪಗೆ ಮೆತ್ತಿತ್ತು. ಪಾಲಿಶ್ ಪೇಪರಿನಿಂದ ಕಬ್ಬಿಣ ಹೊಳೆಯುವವರೆಗೆ ತಿಕ್ಕಿ ಮತ್ತೆ ಬಿಗಿದ. ಹತ್ತೇ ನಿಮಿಷದ ಕೆಲಸ. "ಬಣ್ಣದಾಗ ಕರೆಂಟ್ ಹಾಯೂದಿಲ್ಲ ತಮ್ಮಾ" ಎಂದ.

ಮರಳುವಾಗ ಒಂದು ಗೀಟೂ ಬೀಳಲಿಲ್ಲ. ರೋಣ ದಾಟಿದ ಮೇಲೆ ಅಣ್ಣ ಕೇಳಿದ, "ಅವತ್ತ ಸ್ಟ್ಯಾಂಡಿನ್ಯಾಗ ಎಷ್ಟ್ ಮಂದಿ ಇದ್ರು, ಬರದೀ ಏನು?"

"ಹನ್ನೊಂದು."

ನರಗುಂದದಲ್ಲಿ ಕಾಕಾ ಡಬ್ಬಿ ಬಿಚ್ಚುತ್ತಿದ್ದರು. ಅಣ್ಣ ನಿಂತೇ ಹೇಳಿದ, "ತಪ್ಪು ನಮ್ದ ಐತಿ ಕಾಕಾ. ಅರ್ತ್ ಬೋಲ್ಟಿನ ಬುಡಕ್ಕ ತಮ್ಮ ಬಣ್ಣ ಬಡದಿದ್ದ."

"ನನಗ್ಯಾಕ ಹೇಳ್ತೀ? ನಾ ಹಳೇ ಮಾಲ್ ಹಾಕಿಲ್ಲಂತ ನನಗ ಗೊತ್ತೈತಿ. ಸ್ಟ್ಯಾಂಡಿನ್ಯಾಗ ಹೇಳಿ ಬಾ." ಈ ಸಲ ರೊಟ್ಟಿಗೆ ಕರೆಯಲಿಲ್ಲ.

ಹೋದೆವು. ಆ ಹನ್ನೊಂದು ಮಂದಿಯಲ್ಲಿ ಸಿಕ್ಕವರು ನಾಲ್ವರೇ. ಉಳಿದವರು ಬಾಡಿಗೆಗೆ ಹೋಗಿದ್ದರು. ಅಣ್ಣ ಸಿಕ್ಕವರಿಗೆ ಎಲ್ಲವನ್ನೂ ಹೇಳಿದ. ಒಬ್ಬ ಡ್ರೈವರ್ ನಕ್ಕ: "ಈಗ ಹೇಳ್ತೀಯಲ್ಲೋ ಮಾರಾಯಾ. ನಿನ್ ಮಾತ್ ಕೇಳಿ ಮೊನ್ನೇನ ಕಾಕಾನ್ನ ಬಿಟ್ಟು ಬ್ಯಾರೆ ಕಡೆ ವೈರಿಂಗ್ ಮಾಡ್ಸೀನಿ."

ಸಂಜೆಯವರೆಗೂ ಕಾದೆವು. ಉಳಿದ ಏಳು ಮಂದಿ ಬರಲಿಲ್ಲ. ಊರಿಗೆ ಹೊರಟಾಗ ಕಾಕಾನ ಅಂಗಡಿಯ ಮುಂದೆ ಅಣ್ಣ ಹಾಡು ನಿಲ್ಲಿಸಿ, ಗಾಡಿ ಮೆಲ್ಲಗೆ ಓಡಿಸಿದ. ಕಾಕಾ ಬೇರೆ ಯಾರದೋ ಹಾರ್ನ್ ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಕಟ್ಟೆಯ ಮೇಲೆ ರೊಟ್ಟಿಯ ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದರು.