ಕೂಸು ಮಲಗಿದ ಕೋಣೆಯ ಬಾಗಿಲು

ತೊಂಬತ್ತರ ದಶಕದಲ್ಲಿ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಬೀಕರಿನ ದ್ರಾವಣದಲ್ಲಿ ಹರಳು ಬೆಳೆಸುವುದು ನಮ್ಮ ಕೆಲಸ. ಬೀಕರು ಅಲುಗಾಡಬಾರದೆಂದು ಇಡೀ ಮಹಡಿಯವರು ಎರಡೂ ಕೈಯಿಂದ ಮೆಲ್ಲಗೆ ಬಾಗಿಲು ಹಾಕುತ್ತಿದ್ದರು. ಮರೆತರೆ ಧಾರವಾಡದ ನಮ್ಮ ಗೈಡ್ ಮರಾಠಿ ಹುಡುಗರಿಗೂ ಕನ್ನಡದಲ್ಲೇ ಗದರುತ್ತಿದ್ದರು: "ಸಾವಕಾಶ ಹಾಕ್ರೋ, ಒಳಗ ಕೂಸು ಮಲಗ್ಯದ!"

ನನ್ನ ಬೀಕರಿನಲ್ಲಿ ಮಾತ್ರ ತಿಂಗಳುಗಟ್ಟಲೆ ಏನೂ ಹುಟ್ಟಲಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ ಗಾಳಿಗೆ ಬಾಗಿಲು ಧಡಾರನೆ ಬಡಿಯಿತು. ಎಲ್ಲ ಹಾಳಾಯಿತೆಂದು ಗಾಳಿಯನ್ನೇ ಬೈಯುತ್ತ ಹಾಸ್ಟೆಲಿಗೆ ಹೋದೆ. ಮರುದಿನ ನೋಡಿದರೆ ತಳದಲ್ಲಿ ಸೂಜಿಯಂಥ ಹರಳುಗಳು ಹೊಳೆಯುತ್ತಿದ್ದವು.

"ಬಾಗಿಲು ಬಡಿದದ್ದಕ್ಕೇ ಹುಟ್ಟಿದವು ಸರ್" ಎಂದು ವಾದಿಸಿದೆ.

ಗೈಡ್ ಬಗ್ಗಿ ನೋಡಿದರು. "ಖರೇ ಅದ. ಹುಟ್ಟಲಿಕ್ಕ ಒಂದ್ ಪೆಟ್ಟು ಬೇಕು, ಬೆಳೀಲಿಕ್ಕ ಬ್ಯಾಡ. ಇನ್ನ ಸಾವಕಾಶ ಹಾಕು."

ಎರಡು ಸಾವಿರನೇ ಇಸವಿಯ ನಂತರ ಅಲ್ಲಿ ಹೊಸ ಕಟ್ಟಡ ಬಂತು. ಅದರ ಬಾಗಿಲುಗಳು ತಾವೇ ಮುಚ್ಚಿಕೊಳ್ಳುತ್ತವೆ. ಒಳಗೆ ಯಾರು ಮಲಗಿದ್ದಾರೆಂದು ಅವಕ್ಕೇನು ಗೊತ್ತು? ಹೋದಾಗಲೆಲ್ಲ ನಾನು ಬಾಗಿಲು ಹಾಕಲು ಎರಡೂ ಕೈ ಚಾಚಿ ಹಿಂದಕ್ಕೆ ತಿರುಗುತ್ತೇನೆ. ಅಷ್ಟರಲ್ಲಿ ಬಾಗಿಲು ಹಾಕಿಕೊಂಡಿರುತ್ತದೆ.