ಕೋಟೆಯಿಂದ ಓಡಿ ಬಂದವನು

ಅನುಮಾನ ನಮ್ಮ ಮನೆಗೆ ವಂಶದಿಂದ ಬಂದದ್ದು. ಹಾಲಿನ ಪಾತ್ರೆಯೊಳಗೆ ಇಣುಕುವ ಮೊದಲೇ ಅಪ್ಪ ಅದರಲ್ಲಿ ನೀರಿದೆ ಎನ್ನುತ್ತಾನೆ. ಅಪ್ಪನ ಮಗಳು ನಾನು. ಹಾಲಿನವನು ನಕ್ಕರೆ ಯಾಕೆ ನಕ್ಕ ಎಂದು ಮಧ್ಯಾಹ್ನದವರೆಗೂ ಯೋಚಿಸುತ್ತೇನೆ. ಇಂಥ ಮನೆಯಲ್ಲಿ ನಮ್ಮತ್ತೆ, ಅಪ್ಪನ ವಿಧವೆ ತಂಗಿ, ಐವತ್ತು ದಾಟಿದ ಮೇಲೆ ಮದುವೆಯಾಗುತ್ತೇನೆ ಅಂದಳು. ಅದೂ ಸಿಲೋನಿನವನನ್ನು.

ಅತ್ತೆ ದಿನಾ ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೋಗಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ಆತ ಅಲ್ಲೇ ಹಿಂದಿನ ಬೇಕರಿಯಲ್ಲಿ ಬನ್ನು, ಬ್ರೆಡ್ಡು ಮಾಡುವವನು. ಶ್ರೀಲಂಕಾದ ಯುದ್ಧದಲ್ಲಿ ಊರು ಬಿಟ್ಟು, ತಮಿಳುನಾಡಿನ ಶಿಬಿರದಲ್ಲಿ ವರ್ಷಗಟ್ಟಲೆ ಕೊಳೆತು, ಹೇಗೋ ಇಲ್ಲಿಗೆ ಬಂದು ಸೇರಿದ್ದ. ಸಮುದ್ರದ ದಡದಲ್ಲಿ ಒಂದು ಹಳೇ ಕೋಟೆಯಂತೆ. ಒಳಗೆ ಸರ್ಕಾರದ ಸೈನಿಕರು, ಹೊರಗೆ ಮುತ್ತಿಗೆ ಹಾಕಿದ ತಮಿಳು ಹುಡುಗರು. ಆ ಕದನದಲ್ಲಿ ತಾನೂ ಇದ್ದೆ ಎನ್ನುತ್ತಿದ್ದ. ಅಷ್ಟು ದೊಡ್ಡ ಯುದ್ಧದಲ್ಲಿ ಅದೊಂದು ಸಣ್ಣ ಕದನ, ನಮ್ಮ ಕಡೆ ಯಾರೂ ಅದರ ಸುದ್ದಿ ಕೇಳಿದವರಲ್ಲ. ನನ್ನ ತಲೆ ಕೆಡಿಸಿದ್ದು ಅದೇ. ಯಾರಿಗೂ ಗೊತ್ತಿಲ್ಲದ ಕದನದ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದಲ್ಲ.

ವಿಚಾರಿಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಆಂಡರ್ಸನ್‌ಪೇಟೆಯ ನಮ್ಮ ಬೀದಿಯ ಆಟೋದವನಿಗೆ ಆತ ಹೇಳಿದ್ದು, ಕೋಟೆಯ ಒಳಗಿದ್ದೆ ಅಂತ. ಬೇಕರಿ ಪಕ್ಕದ ಟೈಲರ್‌ಗೆ ಹೇಳಿದ್ದು, ಹೊರಗಿದ್ದೆ ಅಂತ. ಆಟೋದವನು ಸೈನ್ಯದಿಂದ ನಿವೃತ್ತನಾದವನು, ಟೈಲರ್ ತಮಿಳಿನವನು. ಕೇಳುವವನ ಮುಖ ನೋಡಿ ಕಥೆ ಬದಲಿಸುವ ಆಸಾಮಿ ಎಂದು ನನಗೆ ಖಾತ್ರಿಯಾಯಿತು. ಬನ್ನು ಕೊಳ್ಳುವ ನೆಪದಲ್ಲಿ ಬೇಕರಿಗೂ ಹೋಗಿ ನಿಂತೆ. ಆತ ಒಲೆಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ ಹಿಟ್ಟು ನಾದುತ್ತಿದ್ದ. ಒಳಗೆ ಬರುವ ಪ್ರತಿಯೊಬ್ಬರ ಕೈಯನ್ನೂ ನೋಡುತ್ತಿದ್ದ, ನನ್ನದನ್ನೂ. ಬಂದವರ ಕೈ ನೋಡುವ ಬೇಕರಿಯವನನ್ನು ನಾನು ಎಲ್ಲೂ ಕಂಡಿರಲಿಲ್ಲ.

ಎಲ್ಲವನ್ನೂ ಅಪ್ಪನಿಗೆ ಒಪ್ಪಿಸಿದೆ.

"ನಿಮ್ಮತ್ತೇಗ್ ಏಳು, ಅವುನ್ನ ಕರ್ಕೊಂಡ್ ಬರ್ಲಿ. ನಾನೇ ಕೇಳ್ತೀನಿ," ಅಂದ ಅಪ್ಪ.

ಭಾನುವಾರ ಆತ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬನ್ನಿನ ಪೊಟ್ಟಣ. ಅತ್ತೆ ಕಾಫಿ ಕೊಟ್ಟು ಅಡುಗೆಮನೆಗೆ ಹೋದಳು. ಅಪ್ಪ ಊರು, ಕುಲ, ಆರೋಗ್ಯ ಏನೂ ವಿಚಾರಿಸಲಿಲ್ಲ.

"ಕೋಟೆ ಒಳಗಿದ್ಯೋ, ಒರಗಿದ್ಯೋ?"

ಆತ ಲೋಟ ಕೆಳಗಿಟ್ಟ. "ನಾನು ಒಳಗೆ ಅಣ್ಣ. ಸೈನಿಕರಿಗೆ ಬ್ರೆಡ್ ಮಾಡ್ತಿದ್ದೆ. ನನ್ನ ತಂಬಿ ಹೊರಗೆ, ಹುಡುಗರ ಜೊತೆ. ಒಳಗಿನೋರು ನನ್ನ ಗೂಢಚಾರಿ ಅಂದ್ರು, ಹೊರಗಿನೋರು ದ್ರೋಹಿ ಅಂದ್ರು. ಅದಕ್ಕೇ ಕೇಳೋರನ್ನ ನೋಡ್ಕೊಂಡು ಹೇಳ್ತೀನಿ."

ಸಿಕ್ಕಿಬಿದ್ದ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಅಪ್ಪನ ಅನುಮಾನ ಮಾತ್ರ ಬೇರೆ ಕಡೆ ಹೊರಟಿತ್ತು.

ಅಪ್ಪ ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ನೆಲದಡಿ ದುಡಿದವನು. ಅಲ್ಲಿಯವರದ್ದು ಒಂದೇ ಕಟ್ಟು: ಜೊತೆಗಾರ ಮೇಲೆ ಬರುವವರೆಗೆ ಗಣಿಯ ಬಾಯಿ ಬಿಟ್ಟು ಮನೆಗೆ ಹೋಗುವಂತಿಲ್ಲ. ಒಬ್ಬನೇ ಹೊರಟವನ ಜೊತೆ ಮತ್ತೆ ಯಾರೂ ಕೆಳಗಿಳಿಯುತ್ತಿರಲಿಲ್ಲ. ಅತ್ತೆಯ ಗಂಡ ಸತ್ತದ್ದು ಆ ಕಟ್ಟಿನಿಂದಲೇ. ಬಂಡೆ ಕುಸಿದ ದಿನ ಆತ ಮೇಲೆ ಬಂದಿದ್ದ. ಜೊತೆಗಾರ ಕಾಣಲಿಲ್ಲ ಎಂದು ಮತ್ತೆ ಇಳಿದ, ಇಬ್ಬರೂ ಬರಲಿಲ್ಲ. ಇದನ್ನು ಅಪ್ಪ ಎದೆಯುಬ್ಬಿಸಿ ಹೇಳುವಾಗಲೆಲ್ಲ ಅತ್ತೆ ಎದ್ದು ಒಳಗೆ ಹೋಗುತ್ತಿದ್ದಳು. ದುಃಖಕ್ಕೆ ಹೋಗುತ್ತಾಳೆ ಅಂದುಕೊಂಡಿದ್ದೆ.

"ಕೊನೇಗೆ ಅಲ್ಲಿಂದ ಎಂಗ್ ಬಂದೆ?" ಅಪ್ಪ ಕೇಳಿದ.

"ಸಮುದ್ರದ ಕಡೆ ಬಾಗಿಲಿಗೆ ದೋಣಿ ಬಂತು. ಹತ್ತಿಬಿಟ್ಟೆ."

"ನಿನ್ ತಮ್ಮ?"

"ಗೋಡೆ ಆಚೆ ಇದ್ದ. ಗುಂಡು ಬೀಳ್ತಿತ್ತು."

"ಬದುಕಿದ್ನಾ?"

"ಗೊತ್ತಿಲ್ಲ ಅಣ್ಣ. ತಿರುಗಿ ನೋಡಿಲ್ಲ. ಇವತ್ತಿಗೂ ಗೊತ್ತಿಲ್ಲ."

ಅಪ್ಪ ಎದ್ದು ನಿಂತ. "ಒಡಹುಟ್ಟಿದೋನ್ನ ಬಿಟ್ ಬಂದೋನು ನಾಳೆ ನನ್ ತಂಗೀನೂ ಬಿಟ್ ಓಯ್ತಾನೆ. ನೀನಿನ್ನು ಒರಡಪ್ಪ."

ಆತ ಎದ್ದು ಬಾಗಿಲ ಬಳಿ ಚಪ್ಪಲಿಗೆ ಕಾಲು ತಡಕಾಡಿದ. ಅನುಮಾನ ನಿಜವಾದರೆ ಹೊಟ್ಟೆ ತಣ್ಣಗಾಗಬೇಕು, ನನಗೆ ಹಾಗಾಗಲಿಲ್ಲ. ಆತನ ಮೇಲೆಯೇ ಸಿಟ್ಟು ಬಂತು. ಒಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು. ಆತನಿಗೆ "ಕುಂತ್ಕೋ" ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ದನಿ ಏರಿರಲಿಲ್ಲ.

"ಅಣ್ಣ, ಜೊತೆಗಾರನ್ಗೆ ಜೀವ ಕೊಡೋನ್ನ ಕಟ್ಕೊಂಡ್ ನೋಡ್ದೆ. ಊರೆಲ್ಲಾ ಬಂದು ಆರ ಆಕ್ತು. ನನ್ ಗತಿ ಏನು ಅಂತ ಕೆಳಗಿಳಿಯೋವಾಗ ಅವ್ನೂ ಯೋಚ್ನೆ ಮಾಡ್ಲಿಲ್ಲ, ಇಷ್ಟ್ ವರ್ಸ ನೀನೂ ಕೇಳ್ಲಿಲ್ಲ. ಈ ಸಲ ನಂಗೆ ಓಡಿ ಮನೇಗ್ ಬರೋನ್ ಬೇಕು."